ಆಸ್ಪತ್ರೆ ಗೋಡೆ

ಕಾರಿಗೆ ಬಣ್ಣ ಬೆರೆಸುವುದು ನನ್ನ ಕೆಲಸ.
ಗೇನ್ಸ್‌ಬರೊದಲ್ಲಿ, ಟ್ರೆಂಟ್ ಹೊಳೆಗೆ ಬೆನ್ನು ಹಾಕಿ ಕೂತ ಅಂಗಡಿ.
ಗೀಚಿದ ಬಾಗಿಲು, ನುಗ್ಗಾದ ಬಂಪರು,
ಎಲ್ಲಕ್ಕೂ ಒಂದು ನಂಬರು, ತೊಟ್ಟಿನ ಲೆಕ್ಕ.

ಒಂದು ಬುಧವಾರ ಕ್ಲಿಫರ್ಡ್ ಬ್ರಾಕಲ್ಸ್‌ಬಿ ಬಂದು
ಕರವಸ್ತ್ರ ಬಿಚ್ಚಿ ಕೌಂಟರಿನ ಮೇಲೆ ಇಟ್ಟ
ಉಗುರಿನಷ್ಟು ಚಕ್ಕೆ.
"ಮಿಗ್ ಇಪ್ಪತ್ತೊಂದು. ಪೈಲಟ್ ಕೂರುವ ಜಾಗದ್ದು.
ಇದರಂಥದೇ ಎರಡು ಲೀಟರ್ ಬೇಕು."

ಹಸಿರು ಅಂದರೆ ನೀಲಿಗೆ ಸಿಟ್ಟು ಬರುವಂಥ ಬಣ್ಣ.
ಯಂತ್ರದ ಕಣ್ಣು ಮೂರು ಸಲ ನೋಡಿ
ನಂಟರಿಲ್ಲ ಇದಕ್ಕೆ ಅಂತು.
ನನಗೆ ಗೊತ್ತಿತ್ತು. ರಾಣೆಬೆನ್ನೂರಿನ ಲಾರಿ ಶೆಡ್ಡಿನಲ್ಲಿ
ಸೋದರಮಾವ ಕರೆಯುತ್ತಿದ್ದ ಇದನ್ನು: ಆಸ್ಪತ್ರೆ ಗೋಡೆ.
ಹುಲಿ ಬರೆಸಿದ, ಕಮಲ ಬರೆಸಿದ ಡ್ರೈವರುಗಳಲ್ಲಿ
ಒಬ್ಬನೂ ಇದನ್ನು ಕೇಳಿದವನಲ್ಲ.

ಶನಿವಾರ ಡಬ್ಬ ಹೊತ್ತು ಹೋದೆ.
ಬೀಟ್‌ರೂಟಿನ ಹೊಲಗಳ ನಡುವೆ ತಗಡಿನ ಹ್ಯಾಂಗರು,
ಒಳಗೆ ಬೆಳ್ಳಿಯ ಮೈ. ಮೂಗು ಮಾತ್ರ ಹಸಿರು,
ಬಾಲದ ತುದಿ ಹಸಿರು, ಚಕ್ರದ ಗುಂಬ ಇನ್ನೊಂದು ಹಸಿರು.
ಯಾರೋ ಉಳಿದ ಬಣ್ಣಗಳನ್ನೆಲ್ಲ ತೀರಿಸಿಬಿಟ್ಟ ಹಾಗೆ.

"ಮೂವತ್ತು ವರ್ಷ ಇದನ್ನು ಕಾದೆ," ಅಂದ ಕ್ಲಿಫರ್ಡ್,
"ಕಾರ್ಡಿನ ಮೇಲೆ ಕಪ್ಪು ನೆರಳು ತೋರಿಸಿ ಗುರುತಿಸು ಅನ್ನುತ್ತಿದ್ದರು.
ನೆರಳಿಗೆ ಬಣ್ಣ ಎಲ್ಲಿಂದ?"

ಸ್ಟೂಲಿನ ಮೇಲೆ ತಮಾರಾ ಯೂರ್ಯೆವ್ನಾ, ಮಡಿಲಲ್ಲಿ ಚೀಲ.
ಒಡೆಸ್ಸಾದ ರಿಪೇರಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ,
ಈಗ ಲಿಂಕನ್ನಿನಲ್ಲಿ, ಮಗಳ ಮನೆಯ ಮೇಲಿನ ಕೋಣೆ.
ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ
ಒಂದಕ್ಕೊಂದು ಕೈಹಿಡಿದು ನಡೆದವು.

ಮೂಗಿನೊಳಗೆ ರೇಡಾರು, ಬಾಲದೊಳಗೆ ಆಂಟೆನಾ.
ಲೋಹದ ಪುಡಿ ಬೆರೆತ ಬಣ್ಣ ಬಳಿದರೆ ಕಿವುಡು.
ಚಕ್ರ ಮೆಗ್ನೀಸಿಯಂ,
ಬರಿಮೈಯಲ್ಲಿ ಬಿಟ್ಟರೆ ಒಂದು ಚಳಿಗಾಲಕ್ಕೆ ಬೂದಿ.
ಗಡಿಯಾರಗಳ ನಡುವೆ ಇಳಿದ ಬಿಳಿಗೀಟು?
"ವಿಮಾನ ಬುಗುರಿಯಾದಾಗ ಹುಡುಗನಿಗೆ ಎಡಬಲ ತಿಳಿಯದು.
ಕೋಲನ್ನು ಆ ಗೀಟಿಗೆ ಒತ್ತು. ಅಷ್ಟೇ ಪ್ರಾರ್ಥನೆ."

ಮತ್ತೆ ಈ ಬಣ್ಣ?

ಭುಜ ಕುಣಿಸಿದಳು. "ಯಾರೋ ಡಾಕ್ಟರು ಹೇಳಿದನಂತೆ,
ಇದನ್ನು ನೋಡುತ್ತ ಕೂತರೆ ಎದೆಬಡಿತ ಇಳಿಯುತ್ತದೆ.
ನಾವು ಬಳಿದದ್ದು ಡ್ರಮ್ಮು ಬಂತು ಅಂತ.
ಮಿಕ್ಕದ್ದು ಮನೆಗೆ: ಅಡುಗೆಮನೆ, ತೊಟ್ಟಿಲು,
ಅತ್ತೆಯ ಗೋರಿಯ ಸುತ್ತಣ ಕಂಬಿ.
ಇಡೀ ಬೀದಿ ಶಾಂತವಾಗಿತ್ತು, ಬಣ್ಣದಿಂದಲೋ, ಕಳ್ಳತನದ ಭಯದಿಂದಲೋ."

ನನ್ನ ಡಬ್ಬದ ಮುಚ್ಚಳ ತೆಗೆದೆ. ಬಗ್ಗಿ ನೋಡಿ
ತಲೆ ಆಡಿಸಿದಳು: ತಪ್ಪು.
"ಆ ಚಕ್ಕೆ ಬಿಸಿಲಲ್ಲಿ ಸತ್ತದ್ದು. ಎತ್ತರ ತೋರಿಸುವ ಗಡಿಯಾರ ಬಿಚ್ಚಿ."
ನಾಲ್ಕು ತಿರುಪು. ಮೂರು ಬಂದವು,
ನಾಲ್ಕನೆಯದಕ್ಕೆ ಕ್ಲಿಫರ್ಡ್ ತನ್ನ ರಾಣಿಯ ಸೈನ್ಯದ ಬೈಗುಳವನ್ನೆಲ್ಲ ತೆತ್ತ.

ಹಿಂದೆ, ಬೆಳಕು ಮುಟ್ಟದ ಅಂಗೈಯಗಲ ಜಾಗ.
ನವಿಲಿನ ಕುತ್ತಿಗೆ ತಿರುಗುವಾಗ ಒಂದು ಕ್ಷಣ ಬರುತ್ತದಲ್ಲ,
ಅದು. ಅದರ ಮೇಲೆ
ಹಸಿಯಿರುವಾಗಲೇ ಊರಿದ ಹೆಬ್ಬೆರಳ ಗುರುತು.
ನಾವಿಬ್ಬರೂ ತಿರುಗಿದೆವು.
"ನನ್ನದಲ್ಲ," ಅಂದಳು ಕೇಳುವ ಮುಂಚೆಯೇ,
"ನನ್ನ ಕೈ ಯಾವತ್ತೂ ಚೊಕ್ಕ."

ಮೂರು ತೊಟ್ಟು ನೀಲಿ, ಒಂದು ಕಪ್ಪು, ಮತ್ತರ್ಧ ತೊಟ್ಟು ಹಳದಿ.
ಹೊತ್ತು ಮುಳುಗುವವರೆಗೆ ಬಳಿದೆವು.
ಗುರುತಿನ ಸುತ್ತ ಬ್ರಶ್ಶು ತಾನಾಗಿಯೇ ದಾರಿ ಬಿಟ್ಟಿತು.
ನಂಬರಿಲ್ಲದ್ದರಿಂದ ಮುಚ್ಚಳದ ಮೇಲೆ ಕನ್ನಡದಲ್ಲಿ
ಮಾವ ಇಟ್ಟ ಹೆಸರನ್ನೇ ಬರೆದೆ.

ಅರ್ಧ ಲೀಟರ್ ಮಿಕ್ಕಿತು. ಏನು ಮಾಡುವುದು ಅಂತ
ಕ್ಲಿಫರ್ಡ್ ನನ್ನ ಮುಖ ನೋಡಿದ.
ತಮಾರಾ ಆಗಲೇ ಚೀಲದ ಬಾಯಿ ಅಗಲಿಸಿ
ಬೇರೆ ಕಡೆ ನೋಡುತ್ತಿದ್ದಳು.